ಮೈಸೂರು ಬಿಟ್ಟು ಪೋಖರಾದಲ್ಲಿ ನೆಲೆಸುವುದು: ಬೀದಿನಾಯಿ, ಮಕ್ಕಳ ಓದು ಮತ್ತು ನಮ್ಮ ಉಳಿತಾಯ

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದವಿದೆ. ನಾನು ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದವನು. ನನ್ನ ಹೆಂಡತಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ಅವಳ ಸೇವೆಯೂ ಈಗ ಮುಗಿದಿದೆ. ಮಗಳು ಕೆನಡಾದಲ್ಲಿದ್ದಾಳೆ. ಮುಕ್ತಿನಾಥ ಯಾತ್ರೆಗೆಂದು ಹೊರಟ ನಾವು ಹವಾಮಾನ ಕೆಟ್ಟು ಜೋಮ್‌ಸೋಮ್ ವಿಮಾನ ಹಾರದೆ ಪೋಖರಾದಲ್ಲಿ ಉಳಿದುಕೊಳ್ಳಬೇಕಾಯಿತು. ಫೇವಾ ಸರೋವರದ ಸುತ್ತ ಅಡ್ಡಾಡುವಾಗ ಕಜ್ಜಿ ಹಿಡಿದು ಕೂದಲುದುರಿದ ನಾಯಿಗಳು ಕಂಡವು. ಶಾಲೆಯ ಹೊತ್ತಿನಲ್ಲಿ ಪ್ರವಾಸಿಗರಿಗೆ ಮಣಿಸರ ಮಾರುವ ಮಕ್ಕಳೂ ಕಂಡರು. ಊರಿಗೆ ಬಂದ ಮೇಲೂ ಮನೆಯಲ್ಲಿ ಅದೇ ಮಾತು.

ಯೋಚನೆ ಹೀಗಿದೆ. ಇಲ್ಲಿರುವ ಒಂದು ನಿವೇಶನ ಮಾರುವುದು. ಪೋಖರಾದ ಹೊರವಲಯದಲ್ಲಿ ದೊಡ್ಡ ಅಂಗಳವಿರುವ ಮನೆಯನ್ನು ಬಾಡಿಗೆಗೆ ಹಿಡಿಯುವುದು. ಹಿತ್ತಲಿನಲ್ಲಿ ಮೂವತ್ತು ನಲವತ್ತು ನಾಯಿಗಳಿಗೆ ಆಶ್ರಯ, ಮೇಲಿನ ಮಹಡಿಯಲ್ಲಿ ಹತ್ತು ಹನ್ನೆರಡು ಬಡ ಮಕ್ಕಳನ್ನು ಇಟ್ಟುಕೊಂಡು ಓದಿಸುವುದು. ವೀಸಾ, ಹಣ ಸಾಗಿಸುವುದು, ನಮ್ಮ ಮನೆಯ ಎರಡು ನಾಯಿಗಳ ಪ್ರಯಾಣ, ಇವುಗಳ ಬಗ್ಗೆ ಬಲ್ಲವರು ತಿಳಿಸಿ. ಬೈಯುವವರು ಬೈಯಬಹುದು, ಆದರೆ ಕಾರಣ ಕೊಟ್ಟು ಬೈಯಿರಿ.

ಜಗಳಗಂಟ
ಮೈಸೂರಿನ ನಾಯಿಗಳೆಲ್ಲ ಹೊಟ್ಟೆತುಂಬಾ ಉಂಡು ಮಲಗಿವೆ, ಮಕ್ಕಳೆಲ್ಲ ಡಾಕ್ಟರಾಗಿದ್ದಾರೆ ಎಂದಾಯಿತು. ಅಭಿನಂದನೆಗಳು.

ಸುಮ್ಮನೆ ಓದುವವಳು
ಕಾರಣ ಕೊಟ್ಟು ಬೈಯಿರಿ ಎಂದು ಅವರು ಮೊದಲೇ ಕೇಳಿಕೊಂಡಿದ್ದಾರಲ್ಲ, ಜಗಳಗಂಟರೇ.

ಜಗಳಗಂಟ
ಕಾರಣ ತೆಗೆದುಕೊಳ್ಳಿ. 2023ರ ಗಣತಿಯಲ್ಲಿ ಬೆಂಗಳೂರೊಂದರಲ್ಲೇ ಸುಮಾರು 2.79 ಲಕ್ಷ ಬೀದಿನಾಯಿಗಳು ಸಿಕ್ಕವು. ಇಲ್ಲಿ ಭಾಷೆ ಗೊತ್ತು, ಪಾಲಿಕೆಯ ಕಚೇರಿ ಯಾವ ರಸ್ತೆಯಲ್ಲಿದೆ ಎಂದು ಗೊತ್ತು, ಯಾರ ಮೇಲೆ ಕೂಗಾಡಬೇಕು ಎಂದೂ ಗೊತ್ತು. ಇದೆಲ್ಲವನ್ನು ಬಿಟ್ಟು ಏನೂ ಗೊತ್ತಿಲ್ಲದ ಊರಿಗೆ ಹೋಗಿ ಸೇವೆ ಮಾಡುತ್ತೇನೆ ಎನ್ನುವುದರಲ್ಲಿ ಸೇವೆ ಎಷ್ಟು, ಹಿಮಾಲಯ ನೋಡುವ ಆಸೆ ಎಷ್ಟು? ಹಿಮಾಲಯ ನೋಡುವ ಆಸೆ ತಪ್ಪಲ್ಲ. ಆದರೆ ಅದನ್ನು ನಾಯಿಗಳ ಲೆಕ್ಕಕ್ಕೆ ಬರೆಯಬೇಡಿ.

ನಾಯಿಪಾಡು
ಇಲ್ಲಿಯ ಕೆಲಸ ಮುಗಿಯುವವರೆಗೆ ಯಾರೂ ಗಡಿ ದಾಟಬಾರದು ಎಂದಿದ್ದರೆ ಬೆಂಗಳೂರಿನ ಪ್ರಾಣಿದಯೆಯ ಚರಿತ್ರೆಯೇ ಬೇರೆ ಇರುತ್ತಿತ್ತು. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆಯ ಹೆಸರು ಕೇಳಿದ್ದೀರಾ? 1959ರಲ್ಲಿ ದೆಹಲಿಯಲ್ಲಿ ಪ್ರಾಣಿಗಳಿಗಾಗಿ ಸಂಸ್ಥೆ ಕಟ್ಟಿದರು, ಆಮೇಲೆ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಕಟ್ಟಿದರು. ಮುದಿ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯೂಪಾ’ ಎಂಬ ಪ್ರಾಣಿರಕ್ಷಣಾ ಸಂಸ್ಥೆ ಆರಂಭಿಸಿದರು. ನಮ್ಮ ಬೀದಿಯಲ್ಲಿ ಕಾಲು ಮುರಿದ ನಾಯಿಗೆ ಇಂದಿಗೂ ಆಂಬುಲೆನ್ಸ್ ಬರುತ್ತಿದ್ದರೆ ಅದರ ಹಿಂದೆ ಆಕೆಯ ಹಟವಿದೆ. ‘ಇಂಗ್ಲೆಂಡಿನಲ್ಲಿ ನಾಯಿ ಇರಲಿಲ್ಲವೇ ಅಮ್ಮ’ ಎಂದು ಆಗ ಯಾರಾದರೂ ಕೇಳಿದ್ದರೆ ನಷ್ಟ ನಮ್ಮದೇ.

ಜಗಳಗಂಟ
ಆಕೆ ಬೆಂಗಳೂರಿಗೆ ಬರುವ ಹೊತ್ತಿಗೆ ಭಾರತದಲ್ಲಿ ಮೂವತ್ತು ವರ್ಷ ಕಳೆದಿದ್ದರು. ಯಾತ್ರೆಗೆ ಬಂದು ವಿಮಾನ ತಪ್ಪಿದ್ದಕ್ಕೆ ನಿರ್ಧರಿಸಿದ್ದಲ್ಲ.

ಕಠ್ಮಂಡು ಸೊಸೆ
ನಾನು ಹಾಸನ ಕಡೆಯವಳು, ಮದುವೆಯಾಗಿ ಕಠ್ಮಂಡು ಪಕ್ಕದ ಲಲಿತಪುರಕ್ಕೆ ಬಂದು ನೆಲೆಸಿದ್ದೇನೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕೇಳದೇ ಇದ್ದುದಕ್ಕೂ ಕೊಡುತ್ತೇನೆ.

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. 1950ರ ಶಾಂತಿ ಮತ್ತು ಮೈತ್ರಿ ಒಪ್ಪಂದದ 7ನೇ ವಿಧಿಯಂತೆ ಎರಡೂ ದೇಶದವರು ಪರಸ್ಪರರ ನೆಲದಲ್ಲಿ ವಾಸ ಮಾಡಬಹುದು, ವ್ಯಾಪಾರ ಮಾಡಬಹುದು. ವಿಮಾನದಲ್ಲಿ ಬರುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ತನ್ನಿ. ನಿಮ್ಮ ವಯಸ್ಸಿನವರಿಗೆ ಆಧಾರ್ ಸಾಲದು, ಅದು 65 ದಾಟಿದವರಿಗೆ ಮತ್ತು 15ರೊಳಗಿನವರಿಗೆ ಮಾತ್ರ ನಡೆಯುತ್ತದೆ. ಆಸ್ತಿಯ ಮಾತೂ ಆ ವಿಧಿಯಲ್ಲಿದೆ, ಆದರೆ ವಾಸ್ತವದಲ್ಲಿ ಭಾರತೀಯರು ಇಲ್ಲಿ ಜಮೀನು ಕೊಳ್ಳಲಾಗದು. ‘ನನ್ನ ಹೆಸರಿನಲ್ಲಿ ಕೊಳ್ಳೋಣ, ಅನುಭವಿಸುವುದು ನೀವೇ’ ಎಂದು ಯಾರಾದರೂ ಹೇಳಿದರೆ ಚಹಾ ಕೂಡ ಕುಡಿಯದೆ ಎದ್ದು ಬನ್ನಿ. ಸಂಸ್ಥೆಯನ್ನೂ ನೀವು ನೋಂದಾಯಿಸಲಾಗದು. ಏಳು ಮಂದಿ ನೇಪಾಳಿ ನಾಗರಿಕರು ಸೇರಿ ಜಿಲ್ಲಾಡಳಿತ ಕಚೇರಿಯಲ್ಲಿ ನೋಂದಾಯಿಸಬೇಕು. ಹಾಗಾಗಿ ಮೊದಲ ದಿನದಿಂದಲೇ ನೀವು ಯಾರದೋ ಕೈಕೆಳಗೆ ಕೆಲಸ ಮಾಡುವವರು. ಇದಕ್ಕೆ ಮನಸ್ಸು ಒಪ್ಪುತ್ತದೆಯೇ ನೋಡಿಕೊಳ್ಳಿ, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರಿಗೆ ಇದು ವೀಸಾಕ್ಕಿಂತ ಕಷ್ಟ.

ಇನ್ನು ಮೇಲಿನ ಮಹಡಿಯ ಹನ್ನೆರಡು ಮಕ್ಕಳು. ದಯವಿಟ್ಟು ಬೇಡ ಸರ್. 1996ರಿಂದ 2006ರವರೆಗೆ ಇಲ್ಲಿ ಅಂತರ್ಯುದ್ಧ ನಡೆಯಿತು. ಆಗ ಹುಮ್ಲಾದಂತಹ ಕರ್ಣಾಲಿ ಭಾಗದ ಗುಡ್ಡಗಾಡು ಜಿಲ್ಲೆಗಳಿಗೆ ದಲ್ಲಾಳಿಗಳು ಹೋಗಿ, ‘ಮಗುವನ್ನು ಪಟ್ಟಣದ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ’ ಎಂದು ತಂದೆತಾಯಿಯಿಂದಲೇ ಹಣ ಪಡೆದು ಮಕ್ಕಳನ್ನು ಕರೆತಂದರು. ಕಠ್ಮಂಡು, ಪೋಖರಾದಲ್ಲಿ ಅದೇ ಮಕ್ಕಳನ್ನು ಅನಾಥರೆಂದು ತೋರಿಸಿ ಪ್ರವಾಸಿಗರಿಂದ ದೇಣಿಗೆ ಎತ್ತಿದರು. ಇಲ್ಲಿಯ ಅನಾಥಾಲಯಗಳಲ್ಲಿ ಇರುವ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂದು ಯುನಿಸೆಫ್ ವರ್ಷಗಳಿಂದ ಹೇಳುತ್ತಿದೆ. ಇಂಥ ಗೃಹಗಳು ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಿಲ್ಲ, ಪ್ರವಾಸಿಗರು ಬರುವ ಜಿಲ್ಲೆಗಳಲ್ಲಿವೆ. ಪೋಖರಾ ಇರುವ ಕಾಸ್ಕಿ ಅವುಗಳಲ್ಲೊಂದು. ಆಸ್ಟ್ರೇಲಿಯ 2018ರಲ್ಲಿ ಅನಾಥಾಲಯಕ್ಕಾಗಿ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿತು. ನೀವು ಅಂಥವರಲ್ಲ, ನಿಮ್ಮ ಬರಹ ಓದಿದರೆ ತಿಳಿಯುತ್ತದೆ. ಆದರೆ ‘ಮೈಸೂರಿನ ಸರ್ ಮಕ್ಕಳನ್ನು ಇಟ್ಟುಕೊಳ್ಳುತ್ತಾರಂತೆ’ ಎಂಬ ಸುದ್ದಿ ಹಬ್ಬಿದರೆ ಸಾಕು, ಮಕ್ಕಳನ್ನು ತಂದು ಬಿಡುವವರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಸುಮ್ಮನೆ ಓದುವವಳು
ಮೈ ಜುಮ್ಮೆಂದಿತು. ನಾವು ಪ್ರವಾಸದಲ್ಲಿ ಅಂಥದೊಂದು ಗೃಹಕ್ಕೆ ಬಿಸ್ಕತ್ತು, ಪೆನ್ಸಿಲ್ ಹಂಚಿ ಫೋಟೊ ತೆಗೆಸಿಕೊಂಡು ಬಂದಿದ್ದೆವು. ಗೈಡ್ ಅದನ್ನು ಪ್ರವಾಸದ ಪಟ್ಟಿಯಲ್ಲೇ ಸೇರಿಸಿದ್ದ.

ಜಗಳಗಂಟ
ಇದಂತೂ ಅತಿಯಾಯಿತು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು, ಮಲಗಿ, ಓದುತ್ತಾರೆ. ಅವರಿಗೂ ತಂದೆತಾಯಿ ಇದ್ದಾರೆ. ಅದೂ ಕಳ್ಳಸಾಗಣೆಯೇ? ಬಡವರ ಮಕ್ಕಳನ್ನು ಇಟ್ಟುಕೊಂಡು ಓದಿಸಿದ ದೊಡ್ಡ ಪರಂಪರೆ ನಮ್ಮ ನಾಡಿನದು. ಬಿಳಿಯರ ವರದಿ ಓದಿ ಅದನ್ನೆಲ್ಲ ಅನುಮಾನಿಸಬೇಡಿ.

ಮೇಷ್ಟ್ರು ದಾವಣಗೆರೆ
ಮಠದ ಉಚಿತ ಪ್ರಸಾದ ನಿಲಯದಲ್ಲೇ ಓದಿದವನು ನಾನು, ಹಾಗಾಗಿ ಉತ್ತರ ನನ್ನಿಂದ ಬರಲಿ. ನಮ್ಮಪ್ಪ ನನ್ನನ್ನು ಸೇರಿಸಿದಾಗ ನಾನು ಎಲ್ಲಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಜಾತ್ರೆಗೆ ಬರುತ್ತಿದ್ದರು, ಬೇಸಿಗೆ ರಜೆಗೆ ನಾನು ಊರಿಗೆ ಹೋಗುತ್ತಿದ್ದೆ. ನನ್ನ ಹೆಸರು ಬದಲಾಗಲಿಲ್ಲ, ಅನಾಥನೆಂದು ಯಾರೂ ಫಲಕ ಹಾಕಲಿಲ್ಲ, ನನ್ನ ಮುಖ ತೋರಿಸಿ ಯಾರೂ ಚಂದಾ ಎತ್ತಲಿಲ್ಲ. ಮಠ ಊರಿನ ಕಣ್ಣೆದುರೇ ಇತ್ತು, ತಪ್ಪು ನಡೆದರೆ ಕೇಳುವವರು ಸುತ್ತಲೂ ಇದ್ದರು. ಹುಮ್ಲಾದ ತಾಯಿಗೆ ಮಗು ಯಾವ ಬೀದಿಯಲ್ಲಿದೆ ಎಂಬುದೇ ತಿಳಿಯದಿದ್ದರೆ ಅದೂ ಇದೂ ಒಂದೇ ಹೇಗಾಗುತ್ತದೆ?

ಕೆರೆದಂಡೆಯವರೇ, ಕಲಿಸುವ ವಿಷಯದಲ್ಲಿ ನನ್ನ ಮಾತು ಇಷ್ಟು. ನಮ್ಮ ಶಾಲೆಗೆ ಬೆಂಗಳೂರಿನಿಂದ ಕಂಪನಿಗಳವರು ಬರುತ್ತಿದ್ದರು. ಶನಿವಾರ ಬಂದು ಮಕ್ಕಳಿಗೆ ಇಂಗ್ಲಿಷ್ ಹಾಡು ಕಲಿಸಿ, ಟೋಪಿ ಕೊಟ್ಟು ಹೋಗುತ್ತಿದ್ದರು. ಸೋಮವಾರ ನಾನು ಭಾಗಾಕಾರ ಹೇಳಿಕೊಡಲು ನಿಂತರೆ ಮಕ್ಕಳ ಕಣ್ಣು ಗೇಟಿನ ಕಡೆಗೆ. ಹೊರಗಿನಿಂದ ಬಂದವರು ತರಗತಿಯ ನಡುವೆ ನಿಲ್ಲದೆ ಅಲ್ಲಿಯ ಮೇಷ್ಟರ ಬೆನ್ನ ಹಿಂದೆ ನಿಂತರೆ ಹೆಚ್ಚು ಪ್ರಯೋಜನ. ನೇಪಾಳದ ಸರ್ಕಾರಿ ನೆರವಿನ ‘ಸಾಮುದಾಯಿಕ’ ಶಾಲೆಗಳಲ್ಲಿ ಮಂಜೂರಾದ ಹುದ್ದೆ ಸಾಲದೆ ಶಾಲೆಯೇ ಹಣ ಹೊಂದಿಸಿ ನೇಮಿಸಿಕೊಳ್ಳುವ ಶಿಕ್ಷಕರಿರುತ್ತಾರೆ. ‘ನಿಜೀ ಸ್ರೋತ’ದ ಶಿಕ್ಷಕರು ಎನ್ನುತ್ತಾರೆ. ಅಂಥ ಒಬ್ಬರ ಸಂಬಳದ ಭಾರ ಹೊತ್ತರೆ ಒಂದು ಗಣಿತದ ತರಗತಿ ವರ್ಷವಿಡೀ ನಡೆಯುತ್ತದೆ. ಅದಕ್ಕೆ ಮಹಡಿ ಮನೆ ಬೇಕಿಲ್ಲ.

ಜಗಳಗಂಟ
ಮಠದ ಮಾತು ಒಪ್ಪಿದೆ ಮೇಷ್ಟ್ರೇ. ಉಳಿದದ್ದನ್ನು ಒಪ್ಪಿಲ್ಲ.

ಪಶುವೈದ್ಯ ಶಿರಸಿ
ಮಕ್ಕಳ ವಿಷಯ ಬಲ್ಲವರು ಹೇಳಿದ್ದಾರೆ. ನಾಯಿಗಳ ಹಿತ್ತಲಿನ ಬಗ್ಗೆ ನಾನು ಹೇಳುತ್ತೇನೆ.

ನಲವತ್ತು ನಾಯಿಗಳ ಆಶ್ರಯ ಎಂದರೆ ಮೊದಲ ಮಳೆಗಾಲದಲ್ಲಿ ಪಾರ್ವೊ ಅಥವಾ ಡಿಸ್ಟೆಂಪರ್ ಎಂಬ ಅಂಟುರೋಗ ಒಮ್ಮೆ ಒಳಹೊಕ್ಕರೆ ಮರಿಗಳನ್ನು ಸಾಲಾಗಿ ಹೂಳುವ ಕೆಲಸ. ಹೊಸದಾಗಿ ಬಂದದ್ದನ್ನು ಬೇರೆಯಾಗಿ ಇಡುವ ಜಾಗ, ದಿನವೂ ತೊಳೆಯುವ ಆಳು, ಪಶುವೈದ್ಯ ಇಲ್ಲದೆ ಹಿತ್ತಲಿನಲ್ಲಿ ನಾಯಿ ತುಂಬಿದರೆ ಅದು ರಕ್ಷಣೆಯಲ್ಲ, ರೋಗವನ್ನು ಒಂದೆಡೆ ಕೂಡಿಹಾಕುವುದು. ಜೊತೆಗೆ ನಲವತ್ತು ನಾಯಿಗಳನ್ನು ನೀವು ಒಳಗೆ ತಂದ ಬೀದಿಗೆ ಹೊಸ ನಾಯಿಗಳು ಬರುತ್ತವೆ. ಹೆಣ್ಣುನಾಯಿ ಸುಮಾರು 63 ದಿನ ಗರ್ಭ ಹೊರುತ್ತದೆ, ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಆ ಲೆಕ್ಕವನ್ನು ಅನ್ನ ಹಾಕಿ ಗೆಲ್ಲಲಾಗದು. ಹಿಡಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡು, ರೇಬಿಸ್ ಲಸಿಕೆ ಹಾಕು, ಕಿವಿಗೆ ಗುರುತು ಮಾಡು, ಹಿಡಿದಲ್ಲೇ ಬಿಡು. ನೀರಸವಾದ ಕೆಲಸ, ಫೋಟೊ ಚೆನ್ನಾಗಿ ಬರುವುದಿಲ್ಲ, ಆದರೆ ಫಲ ಕೊಡುವುದು ಇದೇ. ರೇಬಿಸ್ ಹರಡುವುದು ನಿಲ್ಲಬೇಕಾದರೆ ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡ 70ರಷ್ಟಕ್ಕಾದರೂ ಲಸಿಕೆ ಬೀಳಬೇಕು. ನಿಮ್ಮ ಹಿತ್ತಲಿನ ನಲವತ್ತು ನಾಯಿಗಳಿಂದ ಆ ಸಂಖ್ಯೆ ಅಲುಗಾಡುವುದಿಲ್ಲ.

ಕಠ್ಮಂಡುವಿನಲ್ಲಿ ಇದನ್ನು ಮೊದಲಿಗೆ ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ‘ಕ್ಯಾಟ್ ಸೆಂಟರ್’, ಅಂದರೆ ಕಠ್ಮಂಡು ಪ್ರಾಣಿ ಚಿಕಿತ್ಸಾ ಕೇಂದ್ರ. ನೇಪಾಳದಲ್ಲಿ ನೆಲೆಸಿದ್ದ ಇಂಗ್ಲಿಷ್ ಚಿತ್ರಕಲಾವಿದೆ ಜಾನ್ ಸಾಲ್ಟರ್ 2004ರಲ್ಲಿ ಅದನ್ನು ಆರಂಭಿಸಿದರು. ಆಗ ಅಲ್ಲಿಯ ಪಾಲಿಕೆ ಬೀದಿನಾಯಿಗಳಿಗೆ ವಿಷ ಹಾಕುತ್ತಿತ್ತು. ಸ್ನೇಹಾ ಶ್ರೇಷ್ಠ ಎಂಬ ನೇಪಾಳಿ ಮಹಿಳೆ ಕಟ್ಟಿದ ‘ಸ್ನೇಹಾಸ್ ಕೇರ್’ ಈಗ ಹೆಚ್ಚು ಸದ್ದು ಮಾಡುತ್ತಿದೆ. ಪೋಖರಾದಲ್ಲೂ ಶಸ್ತ್ರಚಿಕಿತ್ಸೆ ಶಿಬಿರ ನಡೆಸುವವರಿದ್ದಾರೆ. ಹೊಸದಾಗಿ ಕಟ್ಟುವ ಬದಲು ಅವರಲ್ಲಿ ಹೋಗಿ ಲೆಕ್ಕಪತ್ರ ಬರೆಯಿರಿ. ಬ್ಯಾಂಕಿನವರು ನೀವು. ಇಂಥ ಸಂಸ್ಥೆಗಳಲ್ಲಿ ನಾಯಿಯನ್ನು ಮುದ್ದಿಸುವವರಿಗೆ ಬರವಿಲ್ಲ, ರಸೀದಿ ಹೊಂದಿಸುವವರಿಗೆ ಬರ.

ಹೋಗುವ ಮುನ್ನ ಇಬ್ಬರೂ ರೇಬಿಸ್ ಮುನ್ನೆಚ್ಚರಿಕೆ ಲಸಿಕೆ ಹಾಕಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಅದನ್ನು ಎರಡು ಭೇಟಿಗೆ ಇಳಿಸಿದೆ, ಮೊದಲ ದಿನ ಮತ್ತು ಅದಾಗಿ ಏಳು ದಿನಕ್ಕೆ. ಆಮೇಲೂ ಕಚ್ಚಿದರೆ ಲಸಿಕೆ ಬೇಕೇ ಬೇಕು, ಆದರೆ ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಬೇಕಾಗುವುದಿಲ್ಲ. ಸಣ್ಣ ಊರುಗಳಲ್ಲಿ ಅದು ಸಿಗುವುದೇ ಕಷ್ಟ.

ನಾಯಿಪಾಡು
ಡಾಕ್ಟರ್ ಸಾಹೇಬರೇ, ‘ಮುದ್ದಿಸುವವರು’ ಎಂದು ನಮ್ಮನ್ನು ಚುಚ್ಚಬೇಡಿ. ಅನ್ನ ಹಾಕಿ ಪಳಗಿಸಿದವರಿಲ್ಲದೆ ನಿಮ್ಮ ಬಲೆಗೆ ಯಾವ ಹೆಣ್ಣುನಾಯಿ ಬೀಳುತ್ತದೆ? ಶಸ್ತ್ರಚಿಕಿತ್ಸೆಯ ವಾಹನ ಬಂದಾಗ ಎತ್ತಿ ಕೊಡುವುದು ನಾವೇ.

ಪಶುವೈದ್ಯ ಶಿರಸಿ
ಒಪ್ಪುತ್ತೇನೆ. ಎತ್ತಿ ಕೊಡುವವರು ಬೇರೆ. ‘ನಮ್ಮ ರಾಣಿಗೆ ನೋವಾಗುತ್ತದೆ, ಕೊಡುವುದಿಲ್ಲ’ ಎಂದು ಬಚ್ಚಿಡುವವರೂ ಇದ್ದಾರೆ, ನಾನು ಹೇಳಿದ್ದು ಅವರಿಗೆ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ
ಈ ನಾಯಿ ಪ್ರೇಮಿಗಳು ದಯವಿಟ್ಟು ಸಾಮೂಹಿಕವಾಗಿ ನೇಪಾಳಕ್ಕೆ ಹೋಗಲಿ ಎಂದು ನಮ್ಮ ಸಂಘದ ಪರವಾಗಿ ಮನವಿ. ಬಸ್ ವ್ಯವಸ್ಥೆ ನಾನು ಮಾಡುತ್ತೇನೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ದೆಹಲಿಯ ನಾಯಿಗಳನ್ನೆಲ್ಲ ಎತ್ತಿ ಎಂದಿತು, 22ರಂದು ಲಸಿಕೆ ಹಾಕಿ ಅಲ್ಲೇ ಬಿಡಿ ಎಂದಿತು, ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಿಂದ ತೆಗೆಯಿರಿ ಎಂದಿತು. ನಮ್ಮ ಗೇಟಿನ ನಾಯಿಗೆ ಮಾತ್ರ ಯಾವ ಆದೇಶವೂ ತಲುಪಿಲ್ಲ.

ನಾಯಿಪಾಡು
22ರ ಆದೇಶದಲ್ಲಿ ವಾರ್ಡ್‌ವಾರು ಊಟದ ಜಾಗ ಗುರುತಿಸಿ ಎಂದೂ ಇದೆ. ಗೇಟಿನ ನಾಯಿಗೆ ಊಟದ ಜಾಗ ಗುರುತಿಸಿದ್ದೀರಾ ಕಾರ್ಯದರ್ಶಿಗಳೇ?

ಅಪಾರ್ಟ್‌ಮೆಂಟ್ ಕಾರ್ಯದರ್ಶಿ
ಪಾಲಿಕೆಯವರು ಕೋಳಿ ಅನ್ನ ಹಾಕುವ ಯೋಜನೆ ಮಾಡಿದ್ದರಲ್ಲ, ಅವರನ್ನೇ ಕೇಳಿ.

ನಿರ್ವಾಹಕ
ಬೆಂಗಳೂರಿನ ನಾಯಿ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಕಚ್ಚಾಟವಿದೆ. ಇಲ್ಲಿ ವಿಷಯಕ್ಕೆ ಬನ್ನಿ.

ಪೋಖರಾದಲ್ಲೊಬ್ಬ
ಕುಂದಾಪುರ ಕಡೆಯವನು, ಪೋಖರಾದ ಹೋಟೆಲೊಂದರ ಅಡುಗೆಮನೆ ನೋಡಿಕೊಳ್ಳುತ್ತೇನೆ. ಕೆಲವು ಮಾತು.

ನೀವು ನೋಡಿದ್ದು ಪ್ರವಾಸಿ ಕಾಲದ ಪೋಖರಾ. ಮಳೆಗಾಲ ನೋಡಿ. ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಭಾಗ ಇದು, ನಮ್ಮ ಆಗುಂಬೆಯವರು ಬಂದರೆ ಬೇಸರಿಸುವುದಿಲ್ಲ, ಮೈಸೂರಿನವರ ವಿಷಯ ಹೇಳಲಾರೆ. ಬಟ್ಟೆ ಒಣಗದು, ನಾಯಿಗಳ ಕಜ್ಜಿ ಏರುವುದೂ ಆಗಲೇ. 2025ರ ಸೆಪ್ಟೆಂಬರ್ ಗಲಾಟೆಯಲ್ಲಿ ಕಠ್ಮಂಡುವಿನ ಸಂಸತ್ ಭವನ ಉರಿಯಿತು, ವಿಮಾನ ನಿಲ್ದಾಣ ಮುಚ್ಚಿತು, ಪೋಖರಾದಲ್ಲೂ ಹೋಟೆಲಿಗೆ ಬೆಂಕಿ ಬಿತ್ತು. ಕೆಲವು ದಿನದಲ್ಲಿ ಊರು ಮೊದಲಿನಂತಾಯಿತು, ಆದರೆ ಆ ದಿನಗಳಲ್ಲಿ ನಲವತ್ತು ನಾಯಿಗಳಿಗೆ ಅಕ್ಕಿ ಎಲ್ಲಿಂದ ತರುತ್ತಿದ್ದಿರಿ?

ಮಣಿಸರ ಮಾರುವ ಮಕ್ಕಳೆಲ್ಲ ಶಾಲೆ ಬಿಟ್ಟವರೆಂದು ತಿಳಿಯಬೇಡಿ. ಅನೇಕ ಶಾಲೆಗಳಿಗೆ ದಸೈಂ (ಇಲ್ಲಿಯ ದಸರಾ), ತಿಹಾರ್ (ದೀಪಾವಳಿ) ಎಂದು ಅಕ್ಟೋಬರ್ ಆಸುಪಾಸಿನಲ್ಲಿ ಉದ್ದ ರಜೆ ಇರುತ್ತದೆ, ಯಾತ್ರಿಕರು ಹೆಚ್ಚಾಗಿ ಬರುವುದೂ ಆಗಲೇ. ನೀವು ಬಂದದ್ದು ಯಾವ ತಿಂಗಳು?

ಕೆರೆದಂಡೆ
ಅಕ್ಟೋಬರ್ ಕೊನೆ.

ಜಗಳಗಂಟ
ಹಾ ಹಾ ಹಾ.

ಕೆರೆದಂಡೆ
ನಗಿ, ಪರವಾಗಿಲ್ಲ. ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುವ ಯೋಜನೆ ನಿನ್ನೆ ರಾತ್ರಿಯೇ ಬಿಟ್ಟೆವು. ಹೋಗುವ ಯೋಜನೆ ಬಿಟ್ಟಿಲ್ಲ. ಜಗಳಗಂಟರಿಗೆ ಒಂದು ಪ್ರಶ್ನೆ: ಮಗ ಅಮೆರಿಕದಲ್ಲಿ ದುಡಿಯಲು ಹೋದರೆ ಯಾರೂ ‘ಇಲ್ಲಿ ಕಂಪನಿ ಇರಲಿಲ್ಲವೇ’ ಎಂದು ಕೇಳುವುದಿಲ್ಲ. ಸಂಪಾದನೆಗೆ ಗಡಿ ದಾಟಬಹುದು, ಉಪಕಾರಕ್ಕೆ ದಾಟಬಾರದು ಎಂಬುದು ಯಾವ ನ್ಯಾಯ?

ಜಗಳಗಂಟ
ಸಂಪಾದನೆಗೆ ಹೋದವನು ಕೆಲಸ ಬಾರದಿದ್ದರೆ ಮೂರು ತಿಂಗಳಲ್ಲಿ ಮನೆಗೆ ಬರುತ್ತಾನೆ. ಉಪಕಾರಕ್ಕೆ ಹೋದವನನ್ನು ಯಾರೂ ಹೊರಗೆ ಹಾಕುವುದಿಲ್ಲ, ಅದೇ ತೊಂದರೆ.

ಸುಮ್ಮನೆ ಓದುವವಳು
ಈ ಸಲ ಜಗಳಗಂಟರ ಮಾತಿನಲ್ಲಿ ತೂಕವಿದೆ, ಬರೆಯಲು ಬೇಸರವಾಗುತ್ತಿದೆ.

ಗೊರವಯ್ಯ
ತಿಹಾರ್ ಎಂದಾಗ ನೆನಪಾಯಿತು. ಅದರ ಎರಡನೆಯ ದಿನ ಕುಕುರ್ ತಿಹಾರ್. ನಾಯಿಗಳಿಗೆ ಚೆಂಡುಹೂವಿನ ಹಾರ, ಹಣೆಗೆ ಕೆಂಪು ಟೀಕಾ, ಮಾಂಸದೂಟ. ಪೊಲೀಸ್ ನಾಯಿಗಳಿಗೂ ಪೂಜೆ. ನಾಯಿ ಭೈರವನ ವಾಹನ ಎಂಬುದು ಅದರ ಹಿಂದಿನ ನಂಬಿಕೆ. ಇದನ್ನು ನೋಡಿ ‘ನಮ್ಮಲ್ಲಿ ಇಂಥದ್ದಿಲ್ಲ’ ಎಂದು ಮರುಗುವವರು ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಲಿ. ಮೈಲಾರಲಿಂಗನ ಗೊರವರು ಕಂಬಳಿ ಹೊದ್ದು ನಾಯಿಯಂತೆ ಬೊಗಳಿ, ದೋಣಿ ಎಂಬ ಪಾತ್ರೆಗೆ ಹಾಕಿದ್ದನ್ನು ಬಾಯಲ್ಲೇ ತಿನ್ನುತ್ತಾರೆ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗೇ ಗುಡಿ ಇದೆ.

ಕಠ್ಮಂಡು ಸೊಸೆ
ಗೊರವಯ್ಯನವರೇ, ಕುಕುರ್ ತಿಹಾರ್ ದಿನ ನಮ್ಮ ಗಲ್ಲಿಯ ನಾಯಿಗೆ ಹಾರ ಹಾಕಿದ ಹುಡುಗರೇ ಮಾರನೆಯ ದಿನ ಪಟಾಕಿ ಎಸೆಯುತ್ತಾರೆ. ಪೂಜೆಗೂ ಪಾಲನೆಗೂ ಸಂಬಂಧ ಕಡಿಮೆ, ಅದು ಹಸುವಿನ ವಿಷಯದಲ್ಲಿ ನಮ್ಮೂರಲ್ಲೂ ಗೊತ್ತಿರುವುದೇ. ಇನ್ನೊಂದು ಮಾತು: ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ತಲೆತಲಾಂತರದಿಂದ ದಕ್ಷಿಣದಿಂದ, ಹೆಚ್ಚಾಗಿ ನಮ್ಮ ಕರ್ನಾಟಕದಿಂದ ಬಂದವರು. 2009ರಲ್ಲಿ ಅವರ ಬದಲು ಸ್ಥಳೀಯರೇ ಇರಲಿ ಎಂಬ ಗಲಾಟೆ ಎದ್ದು ಹೊಸದಾಗಿ ಬಂದ ಭಟ್ಟರ ಮೇಲೆ ಹಲ್ಲೆಯೂ ಆಯಿತು. ದೇವರ ಕೆಲಸಕ್ಕೆ ಬಂದವರನ್ನೇ ‘ಹೊರಗಿನವರು’ ಎಂದ ಊರಿದು. ನಿಮ್ಮನ್ನೂ ಒಂದು ದಿನ ಅನ್ನುತ್ತಾರೆ. ಬೇಸರಿಸಬೇಡಿ, ಬೆಂಗಳೂರಿನಲ್ಲಿ ನೇಪಾಳಿಗಳನ್ನು ನಾವೂ ‘ಗೂರ್ಖಾ’ ಎಂದು ಕರೆದು ಹೆಸರು ಕೇಳದೆ ಇರುವವರೇ.

ಕೆರೆದಂಡೆ
ನಾನು ಅವರ ಹೆಂಡತಿ, ಅವರ ಖಾತೆಯಿಂದಲೇ ಬರೆಯುತ್ತಿದ್ದೇನೆ. ಇಷ್ಟು ಜನ ಚರ್ಚೆ ಮಾಡಿದಿರಿ, ನನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಹನ್ನೆರಡು ಮಕ್ಕಳ ಯೋಜನೆ ಇವರದು. ಮೂವತ್ತು ವರ್ಷ ಅರವತ್ತು ಮಕ್ಕಳ ತರಗತಿ ನಿಭಾಯಿಸಿ ಬಂದವಳಿಗೆ ಮನೆಯಲ್ಲಿ ಇನ್ನೊಂದು ಹಾಸ್ಟೆಲ್ ಬೇಡ. ಅಷ್ಟು ಜನಕ್ಕೆ ಸಾರು ಮಾಡುವವರು ಯಾರು ಎಂದು ಇವರ ಯೋಜನೆಯಲ್ಲಿ ಬರೆದೇ ಇರಲಿಲ್ಲ.

ನನಗಿರುವ ಆಸೆ ಬೇರೆ. ಭಿನ್ನರಾಶಿ ಅರ್ಥವಾಗದೆ ಗಣಿತಕ್ಕೆ ಹೆದರಿದ ಮಕ್ಕಳನ್ನು ಕಂಡರೆ ನನಗೆ ಸುಮ್ಮನಿರಲಾಗದು. ನೇಪಾಳದ ಪಠ್ಯಪುಸ್ತಕಗಳು ಅಲ್ಲಿಯ ಪಠ್ಯಕ್ರಮ ಕೇಂದ್ರದ ಜಾಲತಾಣದಲ್ಲಿ ಸಿಗುತ್ತವೆ, ಇಳಿಸಿಕೊಂಡು ಓದುತ್ತಿದ್ದೇನೆ. ಹಿಂದಿ ಬಲ್ಲವರಿಗೆ ಲಿಪಿ ಕಷ್ಟವಿಲ್ಲ, ಅಂಕಿಗಳೂ ದೇವನಾಗರಿಯವೇ. ವಾಕ್ಯರೂಪದ ಲೆಕ್ಕಗಳಲ್ಲಿ ಮಾತ್ರ ಎಡವುತ್ತೇನೆ. ನನ್ನ ಪ್ರಶ್ನೆ ಮೇಷ್ಟರಿಗೆ: ಶಿಕ್ಷಕರ ಬೆನ್ನ ಹಿಂದೆ ನಿಲ್ಲಿ ಎಂದಿರಿ. ಪರದೇಶದಿಂದ ಬಂದ ಮುದುಕಿಯನ್ನು ಯಾವ ಶಿಕ್ಷಕ ತನ್ನ ಬೆನ್ನ ಹಿಂದೆ ನಿಲ್ಲಗೊಡುತ್ತಾನೆ?

ಮೇಷ್ಟ್ರು ದಾವಣಗೆರೆ
ಮೇಡಂ, ಮೊದಲ ವರ್ಷ ಯಾರೂ ಬಿಡುವುದಿಲ್ಲ. ನಾನೂ ಬಿಡುತ್ತಿರಲಿಲ್ಲ. ತಪಾಸಣೆಗೆ ಬಂದವರಂತೆ ಕಂಡರೆ ಬಾಗಿಲು ಮುಚ್ಚುತ್ತದೆ. ಹಾಜರಾತಿ ಬರೆಯುವುದು, ಉತ್ತರಪತ್ರಿಕೆ ತಿದ್ದುವುದು, ಕಲಿಕೋಪಕರಣ ಮಾಡಿಕೊಡುವುದು, ಇಂಥ ಚಾಕರಿಯಿಂದ ಒಳಹೋಗಬೇಕು. ತಿದ್ದುವ ಕೆಲಸ ಹಂಚಿಕೊಂಡವರನ್ನು ಜಗತ್ತಿನ ಯಾವ ಮೇಷ್ಟರೂ ದ್ವೇಷಿಸಿಲ್ಲ.

ಪಶುವೈದ್ಯ ಶಿರಸಿ
ಮೇಡಂ, ನಿಮ್ಮ ಶಾಲೆಯ ಕೆಲಸ ಮತ್ತು ಅವರ ನಾಯಿ ಕೆಲಸ ಬೇರೆಬೇರೆ ಎಂದು ಯಾಕೆ ತಿಳಿಯಬೇಕು? ಶಂಕಿತ ರೇಬಿಸ್ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇಕಡ 40ರಷ್ಟು 15 ವರ್ಷದೊಳಗಿನ ಮಕ್ಕಳು. ಮಗು ಕಚ್ಚಿಸಿಕೊಂಡು ಮನೆಯಲ್ಲಿ ಬೈಯುತ್ತಾರೆಂದು ಹೇಳದೆ ಸುಮ್ಮನಾಗುತ್ತದೆ. ರೋಗಲಕ್ಷಣ ಕಂಡ ಮೇಲೆ ಉಳಿಸಲು ಸಾಧ್ಯವೇ ಇಲ್ಲ ಎನ್ನಬಹುದು. ಗೋವಾದಲ್ಲಿ ‘ಮಿಷನ್ ರೇಬಿಸ್’ ಮತ್ತು ಅಲ್ಲಿಯ ಸರ್ಕಾರ ಸೇರಿ ಮಾಡಿದ್ದನ್ನು ನೋಡಿ. ಒಂದು ತಂಡ ಬೀದಿಬೀದಿಯಲ್ಲಿ ಬಲೆ ಹಿಡಿದು ನಾಯಿಗಳಿಗೆ ಲಸಿಕೆ ಹಾಕಿ ಮೈಗೆ ಬಣ್ಣದ ಗುರುತು ಬಳಿಯಿತು. ಇನ್ನೊಂದು ತಂಡ ಶಾಲೆಗಳಿಗೆ ಹೋಗಿ, ನಾಯಿ ಬಂದಾಗ ಓಡಬೇಡ, ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆ, ಮನೆಯಲ್ಲಿ ಹೇಳು, ಲಸಿಕೆ ಹಾಕಿಸು ಎಂದು ಕಲಿಸಿತು. 2021ರಲ್ಲಿ ಗೋವಾ ದೇಶದ ಮೊದಲ ರೇಬಿಸ್ ನಿಯಂತ್ರಿತ ರಾಜ್ಯ ಎನಿಸಿಕೊಂಡಿತು. ಪೋಖರಾದ ಶಾಲೆಯಲ್ಲಿ ಗಣಿತದ ನೆಪದಲ್ಲೇ ಇದನ್ನು ಕಲಿಸಬಹುದು. ಹತ್ತು ನಾಯಿಗಳಲ್ಲಿ ಏಳಕ್ಕೆ ಲಸಿಕೆಯಾದರೆ ಶೇಕಡ ಎಷ್ಟು?

ಕೆರೆದಂಡೆ
(ಮತ್ತೆ ಹೆಂಡತಿಯೇ) ಇದು ಇಷ್ಟವಾಯಿತು. ಹಾಗೆಯೇ ಮಾಡಿದರೆ ಇವರೂ ನನ್ನ ತರಗತಿಗೆ ಬಂದು ಕೂರಬೇಕಾಗುತ್ತದೆ, ಶೇಕಡಾವಾರು ಇವರಿಗೂ ಸ್ವಲ್ಪ ತೊಡಕು.

ಭೂತಾನಿನ ಬಸ್ಸು
ನೇಪಾಳವೇ ಏಕೆ, ಭೂತಾನ್ ನೋಡಬಾರದೇ? 2009ರಲ್ಲಿ ಶುರುಮಾಡಿ 2023ಕ್ಕೆ ದೇಶದ ಬೀದಿನಾಯಿಗಳಿಗೆಲ್ಲ ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿಸಿದೆವು ಎಂದು ಘೋಷಿಸಿದ ದೇಶ ಅದು.

ಪೋಖರಾದಲ್ಲೊಬ್ಬ
ಮುಗಿಸಿದ ಮೇಲೆ ಇವರು ಹೋಗಿ ಮಾಡುವುದೇನು? ಅಲ್ಲದೆ ಅಲ್ಲಿ ಭಾರತೀಯರಿಗೂ ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ. ವರ್ಷಪೂರ್ತಿ ಇದ್ದರೆ ಲೆಕ್ಕ ಹಾಕಿ, ಮೇಡಂ ಇದ್ದಾರಲ್ಲ.

ಲೆಕ್ಕಪತ್ರ
ಹಣದ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ನಿವೇಶನ ಮಾರಬೇಡಿ. ಬಾಡಿಗೆ ಮನೆ, ಊಟ, ಒಬ್ಬ ಶಿಕ್ಷಕರ ಸಂಬಳ, ಸಂಸ್ಥೆಗೆ ದೇಣಿಗೆ, ಇವಿಷ್ಟೂ ಪಿಂಚಣಿಯಲ್ಲೇ ತೂಗುವುದಾದರೆ ಮಾತ್ರ ಹೋಗಿ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ, ಈ ದರ ಸ್ಥಿರ, ಏರಿಳಿತದ ಚಿಂತೆಯಿಲ್ಲ. ನೇಪಾಳ ಪ್ರಯಾಣಕ್ಕೆಂದು ನಮ್ಮ ಬ್ಯಾಂಕುಗಳು ಡಾಲರ್ ಕೊಡುವಂತಿಲ್ಲ, ವ್ಯವಹಾರ ರೂಪಾಯಿಯಲ್ಲೇ. ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಭಾರತ-ನೇಪಾಳ ರವಾನೆ ಸೌಲಭ್ಯವಿದೆ, 2021ರಲ್ಲಿ ಅದರ ಮಿತಿಯನ್ನು ಒಂದು ಸಲಕ್ಕೆ 2 ಲಕ್ಷಕ್ಕೆ ಏರಿಸಿದರು. 2024ರಿಂದ ಅಲ್ಲಿಯ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ವರ್ಷದ ಹೆಚ್ಚಿನ ದಿನ ಹೊರಗಿದ್ದರೆ ತೆರಿಗೆಯಲ್ಲಿ ನಿಮ್ಮ ನಿವಾಸಿ ಸ್ಥಾನ ಬದಲಾಗಬಹುದು, ಹೊರಡುವ ಮೊದಲು ಲೆಕ್ಕ ಪರಿಶೋಧಕರ ಬಳಿ ಕುಳಿತುಕೊಳ್ಳಿ. ಆರೋಗ್ಯ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂದು ಪಾಲಿಸಿ ತೆಗೆದು ಓದಿ, ಏಜೆಂಟರ ಬಾಯಿಮಾತು ನಂಬಬೇಡಿ.

ಸುಮ್ಮನೆ ಓದುವವಳು
ಅವರ ಎರಡು ನಾಯಿಗಳ ಪ್ರಯಾಣದ ಬಗ್ಗೆ ಯಾರೂ ಹೇಳಲಿಲ್ಲ.

ಪಶುವೈದ್ಯ ಶಿರಸಿ
ರೇಬಿಸ್ ಲಸಿಕೆಯ ದಾಖಲೆ, ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು, ಮೇಲೆ ಕೇಂದ್ರದ ಪ್ರಾಣಿ ಸಂಗರೋಧ ಕಚೇರಿಯಲ್ಲಿ ವಿಚಾರಿಸಿ. ಹೋಗುವ ಕಾಗದಕ್ಕಿಂತ ಮರಳಿ ತರುವ ಕಾಗದದ ಬಗ್ಗೆ ಮೊದಲು ಕೇಳಿ. ನಾಯಿಗಳಿಗೆ ವಯಸ್ಸೆಷ್ಟು?

ಕೆರೆದಂಡೆ
ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಹನ್ನೆರಡು.

ಪಶುವೈದ್ಯ ಶಿರಸಿ
ಹನ್ನೆರಡರದ್ದು ಇರುವವರೆಗೆ ಮನೆ ಬದಲಿಸಬೇಡಿ. ಸುನೌಲಿ ಗಡಿಯಿಂದ ಪೋಖರಾಗೆ ಏರುವ ಘಟ್ಟದ ರಸ್ತೆ ಅದರ ಮೈಗೆ ಆಗದು. ಅಲ್ಲಿಯವರೆಗೆ ಒಬ್ಬೊಬ್ಬರೇ ಹೋಗಿ ಇದ್ದು ಬನ್ನಿ.

ಜಗಳಗಂಟ
ಇದೇ ಸರಿ. ಅಲ್ಲಿಯವರೆಗೆ ಇನ್ನೊಂದು ಕೆಲಸ ಮಾಡಿ. ನೇಪಾಳದ ಮಕ್ಕಳಿಗೇ ಕಲಿಸಬೇಕೆಂದಿದ್ದರೆ ಗಡಿ ದಾಟಬೇಕಿಲ್ಲ. ಬೆಂಗಳೂರು, ಮೈಸೂರಿನ ಪ್ರತಿ ಎರಡನೆಯ ಕಟ್ಟಡದ ನೆಲಮಾಳಿಗೆಯಲ್ಲಿ, ಪಂಪ್ ಕೊಠಡಿಯ ಪಕ್ಕದಲ್ಲಿ ನೇಪಾಳಿ ಕಾವಲುಗಾರನ ಸಂಸಾರವಿದೆ. ಮಕ್ಕಳು ಕಾರು ತೊಳೆಯುತ್ತಾ ಬೆಳೆಯುತ್ತಿದ್ದಾರೆ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ
ನಮ್ಮಲ್ಲೂ ಒಬ್ಬಳು ಹುಡುಗಿ ಇದ್ದಾಳೆ, ಒಂಬತ್ತು ವರ್ಷವಿರಬೇಕು. ಹತ್ತಿರದ ಶಾಲೆಯಲ್ಲಿ ವರ್ಗಾವಣೆ ಪತ್ರ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ಸೇರಿಸಿಕೊಳ್ಳಲಿಲ್ಲವಂತೆ. ಅವರಪ್ಪ ಮತ್ತೆ ಹೋಗಲಿಲ್ಲ.

ಮೇಷ್ಟ್ರು ದಾವಣಗೆರೆ
ಸೇರಿಸಿಕೊಳ್ಳದಿರುವ ಹಾಗೆಯೇ ಇಲ್ಲ! 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ‘ಪ್ರತಿಯೊಂದು ಮಗು’ ಎನ್ನುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ಅದು 14ನೇ ಪ್ರಕರಣ. ವರ್ಗಾವಣೆ ಪತ್ರ ತಡವಾಯಿತೆಂಬುದೂ ನೆಪವಾಗಬಾರದು, ಅದು 5ನೇ ಪ್ರಕರಣ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಕಾರ್ಯದರ್ಶಿಗಳೇ, ಸರ್ಕಾರಿ ಶಾಲೆಗೆ ನೀವೇ ಆ ತಂದೆಯ ಜೊತೆ ಹೋಗಿ. ಕೇಳದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ. ಅರ್ಜಿ ನಾನು ಬರೆದುಕೊಡುತ್ತೇನೆ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ
ಬರೆದು ಕಳಿಸಿ. ಸೋಮವಾರ ಹೋಗುತ್ತೇನೆ. ಗೇಟಿನ ನಾಯಿಯ ವಿಷಯದಲ್ಲಿ ಮಾತ್ರ ನನ್ನ ನಿಲುವು ಬದಲಾಗಿಲ್ಲ.

ಕಠ್ಮಂಡು ಸೊಸೆ
ಆ ಹುಡುಗಿಗೆ ನೇಪಾಳಿ ಓದಲು ಬರುತ್ತದೆಯೇ ಕೇಳಿ. ಊರಿಗೆ ಮರಳಿದರೆ ಅಲ್ಲಿಯ ಶಾಲೆಗೆ ಬೇಕಾಗುತ್ತದೆ. ಮೈಸೂರಿನ ಮೇಡಂಗೂ ವಾಕ್ಯರೂಪದ ಲೆಕ್ಕದ ನೇಪಾಳಿ ಅವಳಿಂದ ಬಂದರೂ ಬಂದೀತು, ಫೋನಿನಲ್ಲಿ ಪರಿಚಯಿಸಿ.

ಕೆರೆದಂಡೆ
(ಹೆಂಡತಿ) ಖಂಡಿತ, ಕಾರ್ಯದರ್ಶಿಗಳು ಸಂದೇಶ ಕಳಿಸಲಿ. ಪೋಖರಾದ ಅಣ್ಣನಿಗೆ ಒಂದು ಪ್ರಶ್ನೆ: ಚಳಿಗಾಲದಲ್ಲಿ ಅಲ್ಲಿ ದೋಸೆ ಹಿಟ್ಟು ಹುಳಿ ಬರುತ್ತದೆಯೇ?

ಪೋಖರಾದಲ್ಲೊಬ್ಬ
ಪೋಖರಾ ಕಠ್ಮಂಡುವಿಗಿಂತ ತಗ್ಗಿನಲ್ಲಿದೆ ಅಕ್ಕ, ಅಷ್ಟು ಚಳಿಯಿಲ್ಲ. ಆದರೂ ಡಿಸೆಂಬರಿನಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆಗೆ ಬರುವುದಿಲ್ಲ, ಮಧ್ಯಾಹ್ನದವರೆಗೆ ಕಾಯಬೇಕು. ಮೆಂತ್ಯ ಸ್ವಲ್ಪ ಹೆಚ್ಚು ಹಾಕಿ, ಒಲೆಯ ಪಕ್ಕ ಇಡಿ. ಉದ್ದಿನಬೇಳೆ ಇಲ್ಲಿಯೇ ಸಿಗುತ್ತದೆ, ಊರಿನಿಂದ ಹೊರಬೇಡಿ. ಬ್ಯಾಡಗಿ ಮೆಣಸಿನಕಾಯಿ ಮಾತ್ರ ತನ್ನಿ, ನನಗೂ ಎರಡು ಕಿಲೋ.